ಸುಟ್ಟ ವಾಸನೆಯ ಪೈನ್ ಹಲಗೆ: ಬಣ್ಣ ಹೊಡೆದಿದ್ದಾರಾ?

ಪ್ರಶ್ನೆ: ಬಾಲ್ಕನಿಗೆ ಥರ್ಮೋವುಡ್ (ಶಾಖದಲ್ಲಿ ಹದ ಮಾಡಿದ ಮರ) ಪೈನ್ ಹಲಗೆ ತಂದೆ. ಹುರಿದ ಕಾಫಿಬೀಜದ ಬಣ್ಣ. ಗರಗಸ ಹಾಕಿದರೆ ಒಳಗೂ ಅದೇ ಬಣ್ಣ, ಜೊತೆಗೆ ಹೊಗೆ ವಾಸನೆ. ಕೆಮಿಕಲ್ ಏನೂ ಹಾಕಿಲ್ಲ ಅಂತ ಅಂಗಡಿಯವರು ಹೇಳಿದರು. ನಂಬಬಹುದಾ? ಮಾಮೂಲಿ ಮೊಳೆ ಹೊಡೆದಿದ್ದೆ, ಎರಡೇ ಮಳೆಗೆ ಸುತ್ತಲೂ ತುಕ್ಕಿನ ಕಲೆ. ಇನ್ನೊಂದು ಹಲಗೆ ಸ್ಕ್ರೂ ಹಾಕುವಾಗ ತುದಿಯಲ್ಲಿ ಟಪ್ ಅಂತ ಸೀಳಿತು.

ಉತ್ತರ 1: ನಂಬಿ. ಫಿನ್ಲೆಂಡ್‌ನಲ್ಲಿ 1990ರ ದಶಕದಲ್ಲಿ ಬೆಳೆದ ವಿಧಾನ ಇದು. ಉಗಿ ತುಂಬಿದ ಗೂಡಿನಲ್ಲಿ ಮರವನ್ನು ಸುಮಾರು 190ರಿಂದ 212 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಉಗಿ ಇರುವುದರಿಂದ ಆಮ್ಲಜನಕ ಕಡಿಮೆ, ಬೆಂಕಿ ಹತ್ತುವುದಿಲ್ಲ.

ಆ ಬಿಸಿಗೆ ಮರದಲ್ಲಿ ಮೊದಲು ಸೋಲುವುದು ಹೆಮಿಸೆಲ್ಯುಲೋಸ್, ಅಂದರೆ ಮರದ ಕೋಶಗಳ ಗೋಡೆಯಲ್ಲಿರುವ ಸಕ್ಕರೆ ಸರಪಳಿಗಳು. ನೀರನ್ನು ಹಿಡಿದುಕೊಳ್ಳುವ ಹೈಡ್ರಾಕ್ಸಿಲ್ ಗುಂಪುಗಳು ಅದರಲ್ಲಿ ಜಾಸ್ತಿ. ಅದು ಒಡೆದರೆ ಹಲಗೆ ನೀರು ಕಡಿಮೆ ಹೀರುತ್ತದೆ, ಅಷ್ಟಾಗಿ ಉಬ್ಬುವುದಿಲ್ಲ. ಶಿಲೀಂಧ್ರಕ್ಕೂ ಸುಲಭದ ಊಟ ಸಿಗುವುದಿಲ್ಲ. ಒಡೆಯುವಾಗ ಅಸಿಟಿಕ್ ಆಮ್ಲ ಹುಟ್ಟುತ್ತದೆ, ನಮ್ಮ ವಿನೆಗರ್‌ನದ್ದೇ! ಉಳಿದ ಆಮ್ಲ ಕಬ್ಬಿಣ ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿ.

ಉತ್ತರ 2: ಸೀಳಿದ್ದಕ್ಕೂ ಅದೇ ಕಾರಣ. ಮರದ ಸೆಲ್ಯುಲೋಸ್ ಎಳೆಗಳನ್ನು ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ಅಂಟು) ಜೊತೆ ಬೆಸೆಯುವುದು ಹೆಮಿಸೆಲ್ಯುಲೋಸ್. ಅದು ಹೋದರೆ ಮರ ಪೆಡಸು. ಮೊದಲು ಡ್ರಿಲ್ ಮಾಡಿ, ಆಮೇಲೆ ಸ್ಕ್ರೂ. ತೊಲೆಗೆ ಬಳಸಲೇಬೇಡಿ, ಮಣ್ಣಲ್ಲಿ ಹೂಳಲೂಬೇಡಿ.

ಪ್ರಶ್ನೆ ಕೇಳಿದವರು: ಊರಲ್ಲಿ ಬೇಲಿ ಗೂಟದ ಬುಡ ಸುಟ್ಟು ನೆಡುತ್ತಿದ್ದರಲ್ಲ, ಅದೇನಾ ಇದು?

ಉತ್ತರ 1: ಅಲ್ಲ, ಅಲ್ಲಿ ಮೇಲ್ಪದರ ಮಾತ್ರ ಇದ್ದಿಲು. ಇಲ್ಲಿ ತಿರುಳಿನವರೆಗೂ ಬದಲಾವಣೆ. ಅಂದಹಾಗೆ, ಈ ಕಾಫಿ ಬಣ್ಣ ಬಿಸಿಲಿಗೆ ನಿಲ್ಲಲ್ಲ, ಬೂದು ಬಣ್ಣಕ್ಕೆ ತಿರುಗುತ್ತದೆ. ಬೇಡವೆಂದರೆ ಬಿಸಿಲಿನ ಯುವಿ ಕಿರಣ ತಡೆಯುವ, ಬಣ್ಣ ಬೆರೆತ ಎಣ್ಣೆ ಹಚ್ಚಿ.