ನ್ಯೂರೋಫೀಡ್‌ಬ್ಯಾಕ್ ಥ್ರೆಶೋಲ್ಡ್ ಆಟೋನಾ, ಮ್ಯಾನುಯಲ್ಲಾ? ಸಹಾಯ ಬೇಕು

ನಮಸ್ಕಾರ, ರಾಯಚೂರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ನಾನು. ಎಡಿಎಚ್‌ಡಿ (ಗಮನ ಕೊರತೆ, ಅತಿ ಚಟುವಟಿಕೆ) ಇರುವ ಮಕ್ಕಳಿಗೆ ನ್ಯೂರೋಫೀಡ್‌ಬ್ಯಾಕ್ (ಮೆದುಳಿನ ಅಲೆ ಅಳೆದು, ಅದು ಬೇಕಾದಂತಿದ್ದಾಗ ಬೀಪ್ ಕೊಟ್ಟು ಕಲಿಸೋದು) ಕೊಡ್ತಿದ್ದೇನೆ, ಔಷಧಿ ಬದಲಿಗಲ್ಲ, ಜೊತೆಗೆ. ನಡುನೆತ್ತಿ ಮೇಲೆ ಎಲೆಕ್ಟ್ರೋಡ್ ಇಟ್ಟು 4ರಿಂದ 8 ಹರ್ಟ್ಜ್‌ನ ನಿಧಾನ ಅಲೆ ಥೀಟಾ ತಗ್ಗಿಸಿ, 12ರಿಂದ 15ರ ಎಸ್‌ಎಂಆರ್ (ಮೈ ಅಲುಗದೆ ಕೂತಾಗ ಹೆಚ್ಚುವ ಅಲೆ) ಏರಿಸುವ ತರಬೇತಿ. ಚರ್ಮ ಚೆನ್ನಾಗಿ ಒರೆಸಿ, ಪೇಸ್ಟ್ ಬದಲಿಸಿ ಇಂಪೀಡೆನ್ಸ್ (ಚರ್ಮ, ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗೆ ತಂದಿದ್ದೇನೆ. ಕರೆಂಟ್ ಲೈನಿನ 50 ಹರ್ಟ್ಜ್ ಗದ್ದಲ ಸಿಗ್ನಲ್‌ನಲ್ಲಿ ಬೇಡ ಅಂತ ಕೂಲರ್ ಕೂಡ ಆಫ್, ನಮ್ಮೂರ ಬಿಸಿಲಲ್ಲಿ!

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಥ್ರೆಶೋಲ್ಡ್ (ಬೀಪ್ ಸಿಗಲು ಮುಟ್ಟಬೇಕಾದ ಗುರಿ) ಸಾಫ್ಟ್‌ವೇರೇ ಬದಲಿಸುವ ಆಟೋದಲ್ಲಿಟ್ಟರೆ ಥೀಟಾ ಏರುತ್ತಿದ್ದರೂ ಅದಕ್ಕೆ ತಕ್ಕಂತೆ ಗುರಿಯೂ ಸರಿದು, ಮಗುವಿಗೆ ಸುಮ್ನೆ ಬೀಪ್ ಬರ್ತಾನೇ ಇರುತ್ತೆ. ನಾನೇ ಗುರಿ ನಿಗದಿ ಮಾಡುವ ಮ್ಯಾನುಯಲ್ ಇಟ್ಟರೆ ಬೀಪೇ ಇಲ್ಲ, ಮಗು ಬೇಜಾರಾಗಿ ವೈರ್ ಕಿತ್ತು ಎದ್ದುಬಿಡುತ್ತೆ. ಕೋರ್ಸ್‌ನಲ್ಲಿ ಎರಡೂ ಹೇಳಿಕೊಟ್ಟರು, ಯಾವಾಗ ಯಾವುದು ಅಂತ ಹೇಳಲಿಲ್ಲ.

ಮೆಂಟರ್ ಹತ್ತಿರ ಕಲಿತವರು ಹೇಳಿ: ಆಟೋದಿಂದ ಮ್ಯಾನುಯಲ್‌ಗೆ ಯಾವ ಹಂತದಲ್ಲಿ, ಏನು ನೋಡಿ ಬದಲಿಸ್ತೀರಿ?