ಸಯಾಮೀಸ್ ಬೆಕ್ಕಿನ ಮರಿ: ಒಂದಾ, ಎರಡಾ?

ಪ್ರಶ್ನೆ: ಚಿಕ್ಕಮಗಳೂರಲ್ಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಬೆಳಿಗ್ಗೆ 9ಕ್ಕೆ ಬೀಗ ಹಾಕಿದರೆ ತೆಗೆಯೋದು ಸಂಜೆ 6ಕ್ಕೆ. ಸಯಾಮೀಸ್ ಮರಿ ತರಬೇಕು ಅಂದುಕೊಂಡಿದ್ದೇವೆ. ಒಂದು ಸಾಕಾ? "ಒಂದಕ್ಕೇ ಹಾಲು ಕಾಯಿಸೋರು ಯಾರು" ಅಂತ ಅಮ್ಮ ಆಗಲೇ ಶುರು ಮಾಡಿದ್ದಾರೆ.

ಉತ್ತರ: ಎರಡು ತನ್ನಿ. ನಾನು ಒಂದೇ ತಂದು ಕೆಟ್ಟೆ. ಗೇಟಿನ ಚಿಲಕ ಸದ್ದಾದರೆ ಸಾಕು, ಒಳಗಿಂದ ಮಗು ಅತ್ತ ಹಾಗೆ ಕೂಗುತ್ತಿತ್ತು. "ಮಗೂನ ಒಳಗೆ ಬಿಟ್ಟು ಹೋಗ್ತೀಯಾ?" ಅಂತ ಪಕ್ಕದ ಮನೆ ಅಜ್ಜಿ ಕೇಳೇಬಿಟ್ಟರು. ಆರು ತಿಂಗಳಾದ ಮೇಲೆ ಇನ್ನೊಂದು ತಂದೆ. ಎರಡು ವಾರ ಬರೀ ಬುಸ್ ಬುಸ್! ಒಂದೇ ಸೂಲಿನ ಮರಿಗಳಾದರೆ ಈ ರಗಳೆ ಕಮ್ಮಿ. 12 ವಾರ ತಾಯಿ ಹತ್ತಿರವೇ ಇರಲಿ. ಹಾಲು ಬೇಡ, ಭೇದಿ ಆಗಬಹುದು.

ಇನ್ನೊಬ್ಬರು: ಲಸಿಕೆ, ಸಂತಾನಹರಣ ಆಪರೇಷನ್ ಖರ್ಚೂ ಡಬಲ್ ಅಲ್ವಾ? ಎರಡು ಬೆಕ್ಕಿನ ಕಕ್ಕ-ಉಚ್ಚೆಗೆ ಮಣ್ಣು ತುಂಬಿದ ಟ್ರೇ ಮೂರು ಬೇರೆ.

ಕೇಳಿದವರು: ಮೂರನೇದು ಎಲ್ಲಿಡೋದು, ದೇವರ ಮನೇಲಾ?