ಕೊಲಂಬಸ್‌ಗಿಂತ ಮುಂಚೆ ಯಾರು ಹೋಗಿದ್ದರು? ಪುರಾತತ್ವ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: 1492ಕ್ಕೆ ಮೊದಲೇ ಯುರೋಪಿನವರು ಅಟ್ಲಾಂಟಿಕ್ ದಾಟಿದ್ದರಾ? ಮೇಡಂ ಬಂದಿದ್ದಾರೆ, ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ಬಿ.ಎ. ವಿದ್ಯಾರ್ಥಿನಿ: ಮೇಡಂ, ವೈಕಿಂಗರು ಅಮೆರಿಕಕ್ಕೆ ಹೋಗಿದ್ದು ನಿಜಾನಾ?

ಮೇಡಂ: ನಿಜ. ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದಿನ ಉತ್ತರ ಯುರೋಪಿನ ನಾವಿಕರು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯಲ್ಲಿ ಲ್ಯಾನ್ಸ್ ಓ ಮೆಡೋಸ್ ಅಂತ ಒಂದು ಜಾಗ. 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಅಲ್ಲಿ ಹೋಗಿ ವಿಚಾರಿಸಿದಾಗ ಊರಿನವರೇ ಹುಲ್ಲು ಮುಚ್ಚಿದ ದಿಬ್ಬಗಳನ್ನು ತೋರಿಸಿದರು. ಅವರ ಹೆಂಡತಿ ಆನ್ ಸ್ಟೀನ್ ಪುರಾತತ್ವದವರು. ಅವರು ಅಗೆಸಿದಾಗ ಎಂಟು ಕಟ್ಟಡಗಳ ಗುರುತು, ಕಂಚಿನ ಪಿನ್ನು, ತಕಲಿಯ ಬಿಲ್ಲೆ, ಕಬ್ಬಿಣದ ಕಿಟ್ಟ ಸಿಕ್ಕವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಲ್ಲಿನ ಮೂರು ಮರದ ತುಂಡು. ಲೋಹದ ಅಲಗಿನಿಂದ ಕಡಿದವು. ಕ್ರಿ.ಶ. 993ರಲ್ಲಿ ಆಕಾಶದಿಂದ ಬಂದ ಜೋರು ವಿಕಿರಣದಿಂದ ಆ ವರ್ಷ ಎಲ್ಲ ಕಡೆ ಮರಗಳೊಳಗೆ ಕಾರ್ಬನ್-14 (ಇಂಗಾಲದ ಒಂದು ವಿಕಿರಣಶೀಲ ರೂಪ) ಜಾಸ್ತಿ ಸೇರಿತು. ಮರದೊಳಗೆ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಆ ಉಂಗುರ ಹುಡುಕಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರೆ 28. ಮೂರು ಬೇರೆ ಬೇರೆ ಮರ, ಮೂರರಲ್ಲೂ ಅದೇ ಲೆಕ್ಕ. ಅಂದರೆ ಕಡಿದದ್ದು 1021ರಲ್ಲಿ! 2021ರಲ್ಲಿ ಆ ಪ್ರಬಂಧ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ದಾವಣಗೆರೆ ಸದಸ್ಯ: (ಫಾರ್ವರ್ಡ್) ಕೊಲಂಬಸ್‌ಗಿಂತ ಮೊದಲಿನ ವಿನ್‌ಲ್ಯಾಂಡ್ ನಕ್ಷೆ! ಮುಚ್ಚಿಟ್ಟ ಸತ್ಯ! ಎಲ್ಲರಿಗೂ ಕಳಿಸಿ!

ಮೇಡಂ: ಕಳಿಸಬೇಡಿ. ವಿನ್‌ಲ್ಯಾಂಡ್ ಅಂದರೆ ವೈಕಿಂಗರು ಅಮೆರಿಕದ ಕಡೆಯ ನೆಲಕ್ಕೆ ಇಟ್ಟ ಹೆಸರು. ಆದರೆ ಆ ನಕ್ಷೆ ನಕಲಿ. ಶಾಯಿಯಲ್ಲಿರುವ ಟೈಟಾನಿಯಂ ಬಣ್ಣ 1920ರ ದಶಕದಲ್ಲಿ ಮಾರುಕಟ್ಟೆಗೆ ಬಂದದ್ದು. ನಕ್ಷೆ ಇಟ್ಟುಕೊಂಡಿರುವ ಯೇಲ್ ವಿಶ್ವವಿದ್ಯಾಲಯವೇ 2021ರಲ್ಲಿ ನಕಲಿ ಎಂದಿದೆ.

ಹಾಸನ ಸದಸ್ಯ: ವೈಕಿಂಗರು ಹೋಗಿದ್ದಕ್ಕೆ ಪುರಾವೆ ಏನು?

ಮೇಡಂ: ಮೇಲೆ ಓದಿ.

ಮಿನೆಸೋಟಾ ಕನ್ನಡಿಗ: ನಮ್ಮ ಕಡೆ ಕೆನ್ಸಿಂಗ್‌ಟನ್ ಕಲ್ಲು ಇದೆ. ಉತ್ತರ ಯುರೋಪಿನವರು ಬಂದಿದ್ದರು, ವರ್ಷ 1362 ಅಂತ ಕೆತ್ತಿದೆ.

ಮೇಡಂ: 1898ರಲ್ಲಿ ಒಬ್ಬ ಸ್ವೀಡಿಷ್ ರೈತನ ಹೊಲದಲ್ಲಿ ಸಿಕ್ಕಿದ್ದು. ಅದರ ಭಾಷೆ 19ನೇ ಶತಮಾನದ್ದು ಎಂದು ಭಾಷಾತಜ್ಞರು ಬಹಳ ಹಿಂದೆಯೇ ಹೇಳಿದ್ದಾರೆ.

ಮಂಗಳೂರು ಸದಸ್ಯೆ: ಐರ್ಲೆಂಡಿನ ಸಂತ ಬ್ರೆಂಡನ್ ಚರ್ಮದ ದೋಣಿಯಲ್ಲಿ ಹೋಗಿದ್ದರಂತೆ?

ಮೇಡಂ: 1976–77ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಅಂಥದ್ದೇ ದೋಣಿ ಕಟ್ಟಿ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದರು. ಹೋಗಬಹುದು ಎಂದು ಗೊತ್ತಾಯಿತು. ಹೋದರು ಎಂದಲ್ಲ.

ಕಾರವಾರ ಸದಸ್ಯ: 1480ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್ ಬಂದರಿನ ಹಡಗುಗಳು ಪಶ್ಚಿಮಕ್ಕೆ ಹೋಗಿದ್ದವಲ್ಲ ಮೇಡಂ?

ಮೈಸೂರು ಸದಸ್ಯ: ಅದೆಲ್ಲ ಬಿಡಿ. 13ನೇ ಶತಮಾನದ ಸೋಮನಾಥಪುರದ ಶಿಲ್ಪದ ಕೈಯಲ್ಲಿ ಮುಸುಕಿನ ಜೋಳವಿದೆ. ಅದು ಅಮೆರಿಕದ ಬೆಳೆ. ನಾವೇ ಮೊದಲು!

ತುಮಕೂರು ಸದಸ್ಯೆ: ಅದು ಮುಕ್ತಾಫಲ ಸ್ವಾಮಿ, ಮುತ್ತಿನ ಹಣ್ಣು.

ಮೈಸೂರು ಸದಸ್ಯ: ನೀವು ಹತ್ತಿರದಿಂದ ನೋಡಿದ್ದೀರಾ? ಕಾಳು ಎಣಿಸಬಹುದು.

ತುಮಕೂರು ಸದಸ್ಯೆ: ಹತ್ತು ಸಲ ನೋಡಿದ್ದೇನೆ. ಮುತ್ತೂ ಎಣಿಸಬಹುದು.

ಮೈಸೂರು ಸದಸ್ಯ: ನಮ್ಮದು ಅಂದ ಕೂಡಲೇ ನಿಮಗೆ ಉರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಡಂ: 1989ರಲ್ಲಿ ಇಬ್ಬರು ಸಂಶೋಧಕರು ಮುಸುಕಿನ ಜೋಳ ಎಂದು ಬರೆದರು, ಬೇರೆ ತಜ್ಞರು ಒಪ್ಪಲಿಲ್ಲ. ಆ ಕಾಲದ ಮಣ್ಣಿನಲ್ಲಿ ಸಿಕ್ಕ ಒಂದು ಕಾಳು ತನ್ನಿ, ಒಪ್ಪುತ್ತೇನೆ. ಕಲ್ಲಿನ ಹಣ್ಣು ನೋಡಿ ಸಸ್ಯದ ಹೆಸರು ಹೇಳಲು ನನ್ನಿಂದಾಗದು.

ದಾವಣಗೆರೆ ಸದಸ್ಯ: (ಫಾರ್ವರ್ಡ್) ವೇಲ್ಸ್ ರಾಜಕುಮಾರ ಮಡಾಕ್, 1170…

ಮೇಡಂ: ದಯವಿಟ್ಟು ನಿಲ್ಲಿಸಿ. ಓದದೆ ಕಳಿಸುತ್ತೀರಿ, ನಾಳೆ ಮಕ್ಕಳು ಅದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾರೆ.

ಬಿ.ಎ. ವಿದ್ಯಾರ್ಥಿನಿ: ಮೇಡಂ, ವೈಕಿಂಗರು ಅಲ್ಲಿಂದ ದಕ್ಷಿಣಕ್ಕೆ ಹೋಗಿದ್ದರಾ?

ಮೇಡಂ: ಒಳ್ಳೇ ಪ್ರಶ್ನೆ ಕಣಮ್ಮ. ಲ್ಯಾನ್ಸ್ ಓ ಮೆಡೋಸ್‌ನಲ್ಲಿ ಬಟರ್‌ನಟ್ ಎಂಬ ಅಕ್ರೋಟಿನ ಜಾತಿಯ ಕಾಯಿಗಳು ಸಿಕ್ಕಿವೆ. ಆ ಮರ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಳೆಯುವುದಿಲ್ಲ. ಹತ್ತಿರ ಅಂದರೆ ದಕ್ಷಿಣದ ನ್ಯೂ ಬ್ರನ್ಸ್‌ವಿಕ್ ಕಡೆ. ಯಾರೋ ಅಲ್ಲಿವರೆಗೆ ಹೋಗಿ ಹೆಕ್ಕಿಕೊಂಡು ಬಂದಿದ್ದಾರೆ.

ಕಾರವಾರ ಸದಸ್ಯ: ಮೇಡಂ, ಬ್ರಿಸ್ಟಲ್?